ಮೀನು ತೊಳೆಯುವ ಕಲ್ಲಿನ ಪಕ್ಕ

ಬೆಳಕು ಹರಿಯುವ ಮೊದಲು ದುರ್ಗಿ ಮೀಯುತ್ತಾಳೆ, ಅಂಗಳ ಗುಡಿಸುತ್ತಾಳೆ, ಬಚ್ಚಲ ಒಲೆಗೆ ತೆಂಗಿನ ಗರಿ ತುರುಕಿ ಹಂಡೆಯ ನೀರಿಗೆ ಬೆಂಕಿ ಹಾಕುತ್ತಾಳೆ. ನಳದ ನೀರು ಐದಕ್ಕೆ ನಿಂತುಹೋಗುತ್ತದೆ. ಅಷ್ಟರೊಳಗೆ ಎರಡು ಡ್ರಮ್ಮು, ನಾಲ್ಕು ಕೊಡ ತುಂಬಿಸುತ್ತಾಳೆ. ಗಂಜಿಗೆ ಅಕ್ಕಿ ಇಟ್ಟು, ಅದು ಕುದಿಯುವಷ್ಟರಲ್ಲಿ ಕಾಯಿ ತುರಿದು ಮಧ್ಯಾಹ್ನದ ಸಾರಿಗೆ ಮಸಾಲೆ ರುಬ್ಬುತ್ತಾಳೆ. ತುಳಸಿಗೆ ನೀರು ಹಾಕುತ್ತಾಳೆ. ಸೊಸೆ ವಿನುತಾಳ ಡಬ್ಬಿಗೆ ಚಪಾತಿ ಸುಡುತ್ತಾಳೆ. ಗಂಡನ ಮೊಣಕಾಲಿಗೆಂದು ಎಣ್ಣೆ ಬಿಸಿ ಮಾಡಿ ಅವನ ಮಂಚದ ಪಕ್ಕ ಇಡುತ್ತಾಳೆ. ಆಮೇಲೆ ಅಡುಗೆಮನೆಯ ಮೊಳೆಯಿಂದ ಬೆತ್ತದ ಬುಟ್ಟಿ ತೆಗೆದುಕೊಂಡು, ಟಾರ್ಚು ಹಿಡಿದು, ನಾಲ್ಕು ಮನೆ ಆಚೆಗಿನ ಮಂದಾಕಿನಿ ಬಾಯಿಯವರ ಬೇಲಿಗೆ ಹೋಗಿ, ಅರಳುವುದಕ್ಕೆ ಬಂದ ಹದಿನೈದು ಕೆಂಪು ದಾಸವಾಳದ ಮೊಗ್ಗು ಕೊಯ್ದು ತರುತ್ತಾಳೆ.

ಆರು ಗಂಟೆಗೆ ಅವರ್ಸಾದ ತಿರುವಿನಲ್ಲಿ ಟೆಂಪೊ ಹತ್ತಿ ಬೇಲೇಕೇರಿಗೆ ಹೋಗಿ ಬೋಟಿನವರಿಂದ ಮೀನು ಕೊಂಡು, ಅಂಕೋಲೆಯ ಪೇಟೆಯಲ್ಲಿ ಕೂತು ಮಾರುವುದು ಅವಳ ಉದ್ಯೋಗ. ಜನಗಣತಿಯವರು ಬಂದರೂ ಅದನ್ನೇ ಬರೆದುಕೊಳ್ಳುತ್ತಾರೆ. ಅದಕ್ಕೆ ಮುಂಚಿನ ಎರಡು ತಾಸನ್ನು ಯಾರೂ ಕೇಳಿಲ್ಲ, ಅವಳೂ ಹೇಳಿಲ್ಲ.

ದಾಸವಾಳದ ಕೆಲಸ ಸೇರಿಕೊಂಡದ್ದು ಎರಡು ವರ್ಷದ ಹಿಂದೆ. ಬೋಟಿನ ಮೇಲೆ ಜಾರಿಬಿದ್ದು ಗಂಡ ಮಂಗೇಶನ ಮೊಣಕಾಲು ಹೋಯಿತು, ಕಡಲು ತಪ್ಪಿತು. ಮನೆಯಲ್ಲಿ ಕೂತವನಿಗೆ ದೇವರು ಸಿಕ್ಕಿದ. ಬೆಳಿಗ್ಗೆ ಒಂದೂವರೆ ತಾಸು ಪೂಜೆ. ಮಿಂದ ಮೇಲೆ ಬೀದಿಗೆ ಇಳಿಯಬಾರದು, ಮೀಯುವ ಮೊದಲು ಹೂ ಮುಟ್ಟಬಾರದು ಎಂದು ಅವನು ತನಗೆ ತಾನೇ ಒಂದು ಕಟ್ಟಳೆ ಮಾಡಿಕೊಂಡಿದ್ದ. ಅದರಿಂದಾಗಿ ಹೂ ಕೊಯ್ಯಲು ಅವನಿಗೆ ದಿನದಲ್ಲಿ ಹೊತ್ತೇ ಉಳಿದಿರಲಿಲ್ಲ. ದುರ್ಗಿ ಮಾತ್ರ ನಾಲ್ಕಕ್ಕೇ ಮಿಂದು ಬೀದಿಗೂ ಇಳಿಯಬಹುದಿತ್ತು, ಹೂವನ್ನೂ ಮುಟ್ಟಬಹುದಿತ್ತು.

ಮನೆಯ ಮುಂದೆ ಒಂದು ಗೇರುಮರವಿತ್ತು. ಹೆದ್ದಾರಿ ಅಗಲವಾದಾಗ ಬೇಲಿ ಒಳಗೆ ಸರಿಯಿತು, ಮರ ಹೋಯಿತು. ಉಳಿದದ್ದು ಗೇಟಿಗೂ ಮೀನು ತೊಳೆಯುವ ಕಲ್ಲಿಗೂ ನಡುವೆ ಒಂದು ಚಾಪೆ ಹಾಸುವಷ್ಟು ಮಣ್ಣು. ಪೇಟೆಯಿಂದ ಮರಳಿದ ಮೇಲೆ, ಮಾರಾಟವಾಗದೆ ಉಳಿದ ಮೀನನ್ನು ದುರ್ಗಿ ಆ ಕಲ್ಲಿನ ಮೇಲೆ ಸೀಳಿ, ತೊಳೆದು, ಉಪ್ಪು ಹಾಕುತ್ತಾಳೆ. ಮಧ್ಯಾಹ್ನ ಎರಡರಿಂದ ನಾಲ್ಕು. ಬಿಸಿಲು ನೇರ ಬೆನ್ನಿಗೆ. ಆದರೆ ಕಲ್ಲು ಬೀದಿಯ ಕಡೆಗಿತ್ತು. ಹೋಗುವವರು ಬರುವವರು ನಿಂತು ಒಂದು ಮಾತಾಡುತ್ತಿದ್ದರು. ಮನೆಯಲ್ಲಿ ಅವಳು ಕೂತು ಮಾಡುವ ಕೆಲಸ, ಕೈಯ ಜೊತೆ ಬಾಯಿಗೂ ಕೆಲಸವಿರುವ ಹೊತ್ತು, ಅದೊಂದೇ.

ಚೌತಿ ಕಳೆದ ವಾರ, ಊಟಕ್ಕೆ ಕೂತಾಗ ಅವಳು ಮಾತು ತೆಗೆದಳು.

"ಆ ಜಾಗದಲ್ಲಿ ಒಂದು ಹೊಂಗೆ ಹಾಕುವಾ. ಬೆನ್ನು ಸುಡ್ತದೆ."

"ಹೊಂಗೆ ನೆರಳು ಕೊಡೂದು ಯಾವಾಗ, ಮೊಮ್ಮಕ್ಕಳ ಮದ್ವೆಗಾ?" ಎಂದ ಮಂಗೇಶ. "ದಾಸಾಳ ಹಾಕ್ವಾ. ನಿಂಗೇ ಅನುಕೂಲ ಅಲ್ವನೇ? ಮಂದಾಕಿನಿ ಬಾಯಿ ಬೇಲಿ ತನಕ ಹೋಗೂದು ತಪ್ತದೆ."

ವಿನುತಾ ಎಡಗೈಯಲ್ಲಿ ಮೊಬೈಲು ಹಿಡಿದು ಆಗಲೇ ಹುಡುಕಿಬಿಟ್ಟಿದ್ದಳು. ಮದುವೆಯಾಗಿ ಸದಾಶಿವಗಡದಿಂದ ಬಂದು ಎಂಟು ತಿಂಗಳಾಗಿತ್ತು. ಗಂಡ ಸಂದೇಶ ಬೋಟಿಗೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅವಳು ಅಂಕೋಲೆಯ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು.

"ಅತ್ತೆ, ಇಲ್ಲಿ ಎರಡನ್ನೂ ಹೋಲಿಸಿ ಬರ್ದಿದ್ರು ನೋಡಿ. ನೆರಳಿನ ಮರಕ್ಕೆ ಜಾಗ ಜಾಸ್ತಿ, ಬೇರು ದೂರ ಹೋಗ್ತದೆ, ಎಲೆ ಉದುರ್ತದೆ, ವರ್ಷಗಟ್ಲೆ ಕಾಯ್ಬೇಕು. ಹೂವಿನ ಗಿಡ ಬೇಗ ಹೂ ಬಿಡ್ತದೆ, ಆರೈಕೆ ಕಡ್ಮೆ."

"ಆರೈಕೆ ಯಾರು ಮಾಡೂದು ಅಂತ ಬರ್ದಿದ್ರಾ?"

ವಿನುತಾ ಬೆರಳಿನಿಂದ ಮೇಲೆ ಕೆಳಗೆ ಸರಿಸಿ ನೋಡಿದಳು. "ಅದಿಲ್ಲ ಅತ್ತೆ."

ದುರ್ಗಿಯ ಹೋಲಿಕೆ ಬೇರೆಯಿತ್ತು. ಹೊಂಗೆ ಎಲೆ ಉದುರಿಸುವುದು ವರ್ಷಕ್ಕೆ ಒಂದೂವರೆ ತಿಂಗಳು. ಅಂಗಳ ಹೇಗೂ ಗುಡಿಸುತ್ತಾಳೆ. ಕಸ ಒಂದು ಬುಟ್ಟಿ ಹೆಚ್ಚಾಗುತ್ತದೆ, ಅದು ಬಚ್ಚಲ ಒಲೆಗೆ ಆಗುತ್ತದೆ. ದಾಸವಾಳಕ್ಕೆ ರಜೆಯಿಲ್ಲ. ದಿನವೂ ಕೊಯ್ಯಬೇಕು, ಟೊಂಗೆ ಸವರಬೇಕು, ಬಿಳಿ ಹುಳು ಬಿದ್ದರೆ ಸೋಪಿನ ನೀರು ಹೊಡೆಯಬೇಕು. ಹೊಂಗೆಯ ನೆರಳಿಗೆ ಐದು ವರ್ಷ ಬೇಕು. ಅವಳಿಗೀಗ ಐವತ್ಮೂರು. ಐವತ್ತೆಂಟಕ್ಕೂ ತಾನು ಇದೇ ಕಲ್ಲಿನ ಮೇಲೆ ಕೂತಿರುತ್ತೇನೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ಭಾನುವಾರ ಅವಳು ಪೇಟೆಯಿಂದ ಬರುವಷ್ಟರಲ್ಲಿ ಮಂಗೇಶ ಕಾರವಾರದಿಂದ ದಾಸವಾಳದ ಗಿಡ ತರಿಸಿ ನೆಟ್ಟಾಗಿತ್ತು. ಸೊಂಟದೆತ್ತರದ, ಮೊಗ್ಗು ಬಿಟ್ಟ ಗಿಡ. ಬುಡಕ್ಕೆ ಅರಿಶಿನ ಹಚ್ಚಿದ ಕಲ್ಲು ಬೇರೆ.

"ಏ ದುರ್ಗಿ, ಇದು ದೇವ್ರ ಗಿಡ. ಮೀನು ತೊಳ್ದ ನೀರು ಇದರ ಬುಡಕ್ಕೆ ಬೀಳೂಕಾಗ."

ಮೀನು ತೊಳೆದ ನೀರನ್ನು ಯಾವುದಾದರೂ ಗಿಡದ ಬುಡಕ್ಕೆ ಸುರಿಯುವುದು ಆ ಕೇರಿಯ ಎಲ್ಲ ಮನೆಗಳ ರೂಢಿ. ಗಿಡ ಸೊಕ್ಕಿ ಬೆಳೆಯುತ್ತದೆ, ಬಾಲ್ದಿ ದೂರ ಹೊರುವ ಕೆಲಸವೂ ಇಲ್ಲ. ಈಗ ದುರ್ಗಿ ದಿನಕ್ಕೆ ನಾಲ್ಕು ಬಾಲ್ದಿ ನೀರನ್ನು ಮನೆ ಸುತ್ತಿ ಹಿಂದಿನ ತೆಂಗಿಗೆ ಹೊತ್ತಳು. ಮಂಗೇಶ ಜಗುಲಿಯಲ್ಲಿ ಕೂತು, ಚೆಲ್ಲುತ್ತದೋ ಎಂದು ನೋಡುತ್ತಿದ್ದ.

ಹನ್ನೊಂದನೆಯ ದಿನ ಅವಳಿಗೆ ಜ್ವರ. ರಜೆಯಲ್ಲಿದ್ದ ವಿನುತಾ ಸಾರಿಗೆಂದು ತಂದ ತಾರ್ಲೆ ಮೀನು ತೊಳೆದು, ತವರುಮನೆಯಲ್ಲಿ ಮಾಡುತ್ತಿದ್ದಂತೆ ನೀರನ್ನು ಹತ್ತಿರದ ಗಿಡಕ್ಕೆ ಸುರಿದು ಒಳಗೆ ಹೋದಳು. ಸಂಜೆ ಮಂಗೇಶ ನೋಡುತ್ತಾನೆ, ಅರಿಶಿನದ ಕಲ್ಲಿನ ಮೇಲೆ ಮೀನಿನ ಹುರುಪೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

"ನಂಗೆ ಗೊತ್ತಿರ್ಲಿಲ್ಲ ಮಾವ," ಎಂದಳು ವಿನುತಾ. "ನಮ್ಮಲ್ಲಿ ಮಲ್ಲಿಗೆಗೂ ಅದೇ ಹಾಕೂದು."

"ಮಲ್ಲಿಗೆ ನೀ ಮುಡ್ಕಂಬೂದು. ಇದು ದೇವ್ರಿಗೆ. ಇನ್ನು ಇದರ ಹೂ ನಡೀದಿಲ್ಲ."

ಮೀನು ನೀರು ಕುಡಿದ ಗಿಡ ವಾರದಲ್ಲಿ ತುಂಬಿಕೊಂಡು ಹೂ ಬಿಟ್ಟಿತು. ದುರ್ಗಿ ಜ್ವರದಿಂದ ಎದ್ದು, ಆ ಹೂಗಳ ಪಕ್ಕದಿಂದಲೇ ಹಾದು, ಟಾರ್ಚು ಹಿಡಿದು ಮಂದಾಕಿನಿ ಬಾಯಿಯವರ ಬೇಲಿಗೆ ಹೋಗಿಬಂದಳು.

ಮಂಗೇಶ ಯೋಚನೆ ಮಾಡಿ ಪರಿಹಾರ ಕಂಡುಹಿಡಿದ. ಆ ಮಣ್ಣು ತೆಗೆಸಿ ಹೊಸ ಮಣ್ಣು ಹಾಕಿಸುವುದು, ಹೊಸ ಗಿಡ ನೆಡುವುದು, ಮೀನಿನ ಕಲ್ಲನ್ನೇ ಹಿತ್ತಲಿಗೆ ಸಾಗಿಸುವುದು. ಗೌಂಡಿ ಸೂರಜ್‌ಗೆ ಹೇಳಿಯೂ ಆಯಿತು; ಗುರುವಾರ ಇಬ್ಬರನ್ನು ಕರೆದುಕೊಂಡು ಬರುತ್ತಾನೆ.

"ಹಿತ್ತಲಲ್ಲಿ ಎಂತ ಉಂಟು? ಗೋಡೆ ಮತ್ತೆ ಬಿಸಿಲು," ಎಂದಳು ದುರ್ಗಿ.

"ಮೀನು ತೊಳೂಕೆ ಇನ್ನೆಂತ ಬೇಕೇ ನಿಂಗೆ?"

ಅವನು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿಯೂ ಕೇಳಿದ. ಬೆನ್ನಿಗೆ ನೆರಳು ಎಂದರೆ ಅವನಿಗೆ ಅರ್ಥವಾದೀತು. ಬೀದಿ ಬೇಕು ಎಂದರೆ ಆಗುವುದಿಲ್ಲ.

ಬುಧವಾರ ಪೇಟೆಯಲ್ಲಿ ಪಕ್ಕದಲ್ಲಿ ಬಸಳೆ, ಹರಿವೆ ಹರಡಿಕೊಂಡು ಕೂರುವ ಹಾಲಕ್ಕಿ ಒಕ್ಕಲಿಗರ ಬೊಮ್ಮುವಿಗೆ ಅವಳು ಎಲ್ಲ ಹೇಳಿದಳು. ಬೊಮ್ಮು ಮಳೆಗಾಲದಲ್ಲಿ ಸಸಿ ಬೆಳೆಸುವ ಕೂಲಿಗೆ ಹೋಗುವವಳು. ದುರ್ಗಿ ಚೌತಿಯ ಮೊದಲೇ ಹೇಳಿಟ್ಟಿದ್ದ ಹೊಂಗೆಯ ಸಸಿ ಅವಳ ಬುಟ್ಟಿಯ ಹಿಂದೆ ಒಂದು ತಿಂಗಳಿಂದ ಕಾಯುತ್ತಿತ್ತು.

"ತಕಂಡು ಹೋಗೇ ಮಾರಾಯ್ತಿ, ದಿನಾ ಇದ್ನ ಹೊತ್ಕಂಡು ಬಂದು ನನ್ ಕುತ್ಗೆ ಹೋಯ್ತು," ಎಂದಳು ಬೊಮ್ಮು. "ಒಂದು ಮಾತು ಕೇಳು ದುರ್ಗಕ್ಕ. ಮರ ಆದ್ಮೇಲೆ ಬುಡಕ್ಕೆ ಕಟ್ಟೆ ಕಟ್ಟೂಕೆ ಬಿಡ್ಬೇಡ."

"ಎಂತಕ್ಕೆ?"

"ಕಟ್ಟೆ ಇದ್ರೆ ಗಂಡಸ್ರು ಬಂದು ಕೂರ್ತ್ರು. ನೀ ಮತ್ತೆ ಬಿಸ್ಲಿಗೆ."

ಮೀನು ಕೊಳ್ಳಲು ಬಂದವರೂ ನಕ್ಕರು. ದುರ್ಗಿ ನಗುತ್ತಲೇ ಸಸಿಯನ್ನು ಖಾಲಿಯಾದ ಒಂದು ಬುಟ್ಟಿಯೊಳಗೆ ಇಟ್ಟುಕೊಂಡಳು.

ಅವತ್ತು ಮಂಗೇಶ ಮೊಣಕಾಲು ತೋರಿಸಲು ಕಾರವಾರಕ್ಕೆ ಹೋಗಿದ್ದ, ವಿನುತಾ ಕೆಲಸಕ್ಕೆ. ಮನೆಯಲ್ಲಿ ಯಾರೂ ಇರಲಿಲ್ಲ. ದುರ್ಗಿ ಮೊದಲು ಉಂಡಳು. ಆಮೇಲೆ ಸೂರಜ್‌ಗೆ ಫೋನು ಮಾಡಿದಳು.

"ನಾಳೆ ಬರೂದು ಬೇಡ ಮಾರಾಯಾ. ಕಲ್ಲು ಅಲ್ಲೇ ಇರ್ತದೆ."

"ಮಂಗೇಶಣ್ಣ ಹೇಳಿದ್ರಾ?"

"ಇದು ನಾ ಹೇಳೂದು. ಕಲ್ಲಿನ ಮೇಲೆ ಕೂರೂದು ನಾನು."

ಪಿಕಾಸಿ ತಂದು ದಾಸವಾಳವನ್ನು ಬೇರು ಕಡಿಯದ ಹಾಗೆ, ಮಣ್ಣಿನ ಹೆಂಟೆ ಸಮೇತ ಎತ್ತಿದಳು. ಬಚ್ಚಲ ಬಾಗಿಲಿನ ಎದುರಿಗೆ ಗುಂಡಿ ತೋಡಿ ಅಲ್ಲಿ ನೆಟ್ಟಳು. ಅರಿಶಿನದ ಕಲ್ಲನ್ನೂ ತೊಳೆದು ಬುಡಕ್ಕೆ ಇಟ್ಟಳು. ಮಿಂದು ಹೊರಗೆ ಬಂದವನಿಗೆ ಎರಡೇ ಹೆಜ್ಜೆ, ಬೀದಿಗೆ ಇಳಿಯಬೇಕಿಲ್ಲ. ಅದರ ಹೂ ನಡೆಯುತ್ತದೆಯೋ ಇಲ್ಲವೋ, ಅದನ್ನು ಅವನೇ ದೇವರ ಹತ್ತಿರ ಕೇಳಿಕೊಳ್ಳಬೇಕು.

ಮನೆಯ ಮುಂದೆ ದಾಸವಾಳ ಎತ್ತಿದ ಗುಂಡಿಯಲ್ಲಿ ಹೊಂಗೆ ನೆಟ್ಟಳು, ಕಲ್ಲಿಗೆ ಆದಷ್ಟು ಹತ್ತಿರ. ಮೊಣಕಾಲೆತ್ತರದ ಕಡ್ಡಿ, ಒಂಬತ್ತು ಎಲೆ. ಕೂತು ಉಳಿದ ಬಂಗಡೆಗಳನ್ನು ಸೀಳಿ ಉಪ್ಪು ಹಾಕಿದಳು. ಬಿಸಿಲು ಎಂದಿನಂತೆ ಬೆನ್ನಿಗೇ ಇತ್ತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕೆಲಸ ಮುಗಿದಾಗ ನಾಲ್ಕು ಬಾಲ್ದಿ ಮೀನು ನೀರನ್ನೂ ಕೂತಲ್ಲಿಂದಲೇ ಹೊಂಗೆಯ ಬುಡಕ್ಕೆ ಸುರಿದಳು, ಒಂದಾದ ಮೇಲೆ ಒಂದು, ಮಣ್ಣು ಕುಡಿಯುವವರೆಗೆ ಕಾದು.

ಕೈ ತೊಳೆದುಕೊಂಡು ಒಳಗೆ ಹೋದಳು. ಅಡುಗೆಮನೆಯ ಮೊಳೆಯಿಂದ ಹೂವಿನ ಬುಟ್ಟಿ ತೆಗೆದು, ಅದರ ತುಂಬ ಈರುಳ್ಳಿ ಸುರಿದು, ಒಲೆಯ ಪಕ್ಕದ ಮೂಲೆಗೆ ಇಟ್ಟಳು.