ಓನಿಯ ಆಟ ನೋಡಲು ಮಾರ್ಲಿಸ್ ಹೊರಟಿದ್ದು

ಮಾರ್ಲಿಸ್ ನನ್ನ ನಾದಿನಿ. ಅವಳು ಶಿಕಾಗೊಗೆ ಬೇಸ್‌ಬಾಲ್ ನೋಡಲು ಹೋದ ದಿನದ ಕಥೆಯನ್ನು ನಾನು ಅವಳ ಬಾಯಲ್ಲೂ ಕೇಳಿದ್ದೇನೆ, ಅವಳನ್ನು ಕರೆದುಕೊಂಡು ಹೋದ ನನ್ನ ಗಂಡ ಲೈಲ್‌ನ ಬಾಯಲ್ಲೂ ಕೇಳಿದ್ದೇನೆ. ಅಣ್ಣ ತಂಗಿಯ ಮಾತು ಒಂದಕ್ಕೊಂದು ತಾಳೆಯಾಗುವುದಿಲ್ಲ. ತಾಳೆಯಾಗದ ಕಡೆಯಲ್ಲೆಲ್ಲ ನಾನು ಮಾರ್ಲಿಸ್ ಹೇಳಿದ್ದನ್ನೇ ನಂಬಿದ್ದೇನೆ. ಲೈಲ್ ಜೊತೆ ಸಂಸಾರ ಮಾಡಿದವಳು ನಾನು, ನನಗೆ ಗೊತ್ತು.

ನಮ್ಮದು ಅಯೋವಾದಲ್ಲಿ, ನದಿ ದಡದ ಸಣ್ಣ ಊರು. ಊರಿಗೊಂದು ಚಿಕ್ಕ ಲೀಗ್‌ನ ತಂಡವಿದೆ. ಬೇಸಿಗೆ ಬಂತೆಂದರೆ ಎಲ್ಲೆಲ್ಲಿಂದಲೋ ಹುಡುಗರು ಬಂದು ಇಳಿಯುತ್ತಾರೆ. ಕೊಡುವ ಸಂಬಳದಲ್ಲಿ ಅವರಿಗೆ ಬಾಡಿಗೆ ಮನೆ ಹಿಡಿಯಲಾಗದು, ಹಾಗಾಗಿ ಊರಿನವರೇ ಒಬ್ಬೊಬ್ಬರನ್ನು ಮನೆಗೆ ಕರೆದುಕೊಳ್ಳುತ್ತಾರೆ. ಮಾರ್ಲಿಸ್ ವೃದ್ಧಾಶ್ರಮದ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಗಂಡ ಗಾರ್ಡನ್ ತೀರಿಕೊಂಡ ಮೇಲೆ ನೆಲಮಾಳಿಗೆಯ ಕೋಣೆ ಖಾಲಿ ಬಿದ್ದಿತ್ತು. ಅಲ್ಲಿಗೆ ಬಂದ ಮೊದಲನೆಯವನೇ ಓನೆಲಿಯೊ ಪೆಗೆರೊ, ನಮ್ಮೆಲ್ಲರ ಬಾಯಲ್ಲಿ ಓನಿ. ಡೊಮಿನಿಕನ್ ದೇಶದವನು, ಎಡಗೈ ಎಸೆತಗಾರ, ಹತ್ತೊಂಬತ್ತು ವರ್ಷ. ಅವನು ಬಂದದ್ದು ಏಪ್ರಿಲ್‌ನಲ್ಲಿ, ಆದರೂ ಅಂದು ಹಿಮ ಬೀಳುತ್ತಿತ್ತು. ರಬ್ಬರ್ ಚಪ್ಪಲಿಯಲ್ಲಿ ಜಗಲಿಯ ಮೇಲೆ ನಿಂತು ನಡುಗುತ್ತಿದ್ದ ಅವನನ್ನು ಮಾರ್ಲಿಸ್ ತೋಳು ಹಿಡಿದು ಒಳಗೆಳೆದುಕೊಂಡಳು. ಇಂಗ್ಲಿಷಿನ ಒಂದು ಮಾತೂ ಬರದವನಿಗೆ ಕಿರಾಣಿ ಅಂಗಡಿಯ ಜಾಹೀರಾತು ಹರಡಿಕೊಂಡು ಭಾಷೆ ಕಲಿಸಿದಳು. ಅವನು ಅವಳಿಗೆ ರಾಜ್ಮಾ ಕಾಳನ್ನು ಸರಿಯಾಗಿ ಬೇಯಿಸುವುದನ್ನು ಕಲಿಸಿದ. ಎರಡು ಬೇಸಿಗೆ ಅಲ್ಲಿದ್ದ. ಎರಡನೆಯ ಬೇಸಿಗೆಯ ಹೊತ್ತಿಗೆ ಅವಳನ್ನು 'ಅಮ್ಮಾ' ಅನ್ನುತ್ತಿದ್ದ.

ಆಮೇಲೆ ಅವನ ಬದುಕು ಏಣಿ ಹತ್ತಿ ಜಾರುವುದೇ ಆಯಿತು. ಒಂದು ಊರು ಮೇಲೆ, ಎರಡು ಊರು ಕೆಳಗೆ. ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. ತಂಡ ಕೈಬಿಟ್ಟಿತು, ಮೆಕ್ಸಿಕೊಗೆ ಹೋಗಿ ಆಡಿದ, ಇನ್ನೊಂದು ತಂಡ ಎತ್ತಿಕೊಂಡಿತು. ಎಲ್ಲಿದ್ದರೂ ತಾಯಂದಿರ ದಿನ ಅವನ ಫೋನು ಬರುವುದು ತಪ್ಪುತ್ತಿರಲಿಲ್ಲ. ಮದುವೆಯಾಗಿ, ತಲೆಯಲ್ಲಿ ಒಂದೆರಡು ಬಿಳಿ ಕೂದಲು ಬರುವ ವಯಸ್ಸಿಗೆ, ಜೂನ್ ತಿಂಗಳ ಒಂದು ಶನಿವಾರ ಮತ್ತೆ ಫೋನು ಬಂತು. ಅಂದು ನಾನು ಮಾರ್ಲಿಸ್‌ಳ ಅಡುಗೆಮನೆಯಲ್ಲೇ ಕೂತಿದ್ದೆ.

"ಅಮ್ಮಾ, ಮೇಲಕ್ಕೆ ಕರೆದವ್ರೆ. ದೊಡ್ಡ ಲೀಗ್‌ಗೆ. ನಾಳೆ ಶಿಕಾಗೊದಲ್ಲಿ, ಅಲ್ಲಿಯವರ ಮೇಲೆ ಆಟ."

ಮಾರ್ಲಿಸ್ ಕುರ್ಚಿಯ ಬೆನ್ನು ಹಿಡಿದು ನಿಂತಳು. "ನಿಮ್ಮಮ್ಮಂಗೆ ಹೇಳಿದ್ಯೇನೋ?"

"ಹೇಳ್ದೆ. ಅಳ್ತಾ ಇದ್ಳು. ಒಂದು ದಿನದಲ್ಲಿ ವೀಸಾ ಯಾರು ಕೊಡ್ತಾರೆ? ನೀನು ಬಾ ಅಮ್ಮಾ. ನನ್ನ ಕಡೆಯವರು ಒಬ್ರಾದ್ರೂ ಇರ್ಬೇಕು."

ಮಾರ್ಲಿಸ್‌ಗೆ ಕಣ್ಣಿನ ತೊಂದರೆ, ಹೆದ್ದಾರಿಯಲ್ಲಿ ಓಡಿಸುವುದಿಲ್ಲ. ನನಗೆ ಭಾನುವಾರ ಔಷಧಿ ಅಂಗಡಿಯ ಕೆಲಸ. ಉಳಿದವನು ಲೈಲ್. ಹಿಂದೆ ಪೀಠೋಪಕರಣದ ಲಾರಿ ಓಡಿಸುತ್ತಿದ್ದ ನನ್ನ ಗಂಡನಿಗೆ ಶಿಕಾಗೊ ಅಂದರೆ ಅಂಗೈ ಗೆರೆ ಇದ್ದ ಹಾಗೆ. ಹಾಗೆಂದು ಅವನೇ ಹೇಳುತ್ತಾನೆ.

"ಫೋನಲ್ಲಿ ದಾರಿ ಹಾಕ್ಕೋ" ಅಂದೆ ನಾನು, ಬೆಳಿಗ್ಗೆ ಅವರು ಹೊರಡುವಾಗ.

"ಆ ಊರಿಗೆ ನಾನು ಸೋಫಾ ಹೊತ್ತಾಗ ಆ ಫೋನ್ ಮಾಡಿದವನು ಹುಟ್ಟೇ ಇರ್ಲಿಲ್ಲ" ಅಂದ ಲೈಲ್.

ಮಾರ್ಲಿಸ್ ನಸುಕಿಗೇ ಎದ್ದು ಓನಿಗೆ ಇಷ್ಟವೆಂದು ದಾಲ್ಚಿನ್ನಿಯ ಸುರುಳಿ ಬನ್ನು ಸುಟ್ಟಿದ್ದಳು. ಅದನ್ನೂ ಸ್ವೆಟರ್, ಛತ್ರಿ, ಮಳೆಕೋಟನ್ನೂ ತನ್ನ ದೊಡ್ಡ ಕೌದಿ ಚೀಲಕ್ಕೆ ತುಂಬಿ ಮಡಿಲಲ್ಲಿಟ್ಟುಕೊಂಡು ಕೂತಳು. ಆಟ ಒಂದು ಗಂಟೆಗೆ. ಬೇಕಾದಷ್ಟು ಹೊತ್ತಿತ್ತು. ಆದರೆ ಲೈಲ್‌ಗೆ ಈಚೆಗೆ ಮೂತ್ರದ ತೊಂದರೆ. ದಾರಿಯಲ್ಲಿ ಸಿಕ್ಕ ಒಂದು ಶೌಚಾಲಯವನ್ನೂ ಅವನು ಬಿಡಲಿಲ್ಲ. ನಿಲ್ಲಿಸಿದ ಕಡೆಯಲ್ಲೆಲ್ಲ ಕಾಫಿ ಬೇರೆ ಕುಡಿದ.

"ಒಳಗೆ ಹಾಕಿದ್ರೆ ಹೊರಗೆ ಬರದೆ ಇರುತ್ತೇನೋ, ಪುಣ್ಯಾತ್ಮ?" ಅಂದಳು ಮಾರ್ಲಿಸ್.

"ಕಾಫಿ ಇಲ್ದೆ ನಿದ್ದೆ ಬರುತ್ತೆ. ನಿದ್ದೆ ಬಂದ್ರೆ ಸಾಯ್ತೀವಿ. ಯಾವ್ದು ಬೇಕು ನಿಂಗೆ?"

ನಗರದೊಳಗೆ ಬಂದ ಮೇಲೆ ಅವಳು ಎರಡು ಸಲ ಹೇಳಿದಳಂತೆ, "ಲೈಲ್, ದಕ್ಷಿಣದ ಮೈದಾನ" ಎಂದು. ಅವಳು ಹೇಳಲೇ ಇಲ್ಲ ಎನ್ನುತ್ತಾನೆ ಲೈಲ್. ಆ ಊರಿನಲ್ಲಿ ಎರಡು ತಂಡ, ಎರಡು ಮೈದಾನ. ಲೈಲ್ ತನಗೆ ಗೊತ್ತಿದ್ದ ಬೀದಿಗಳಲ್ಲಿ ತಿರುಗಿ ತಿರುಗಿ, ಉತ್ತರದ ಮೈದಾನದ ಎದುರು ತಂದು ನಿಲ್ಲಿಸಿದ. ಗೇಟಿನಿಂದ ಕೂಗಳತೆಯ ದೂರದಲ್ಲಿ ಕಾರಿಗೆ ಜಾಗ ಸಿಕ್ಕಿತು. ಬೀದಿಯಲ್ಲಿ ಜನವೇ ಇಲ್ಲ.

"ನೋಡ್ದಾ? ಎಲ್ರೂ ಶಿಕಾಗೊದಲ್ಲಿ ಕಾರು ನಿಲ್ಸೋಕಾಗಲ್ಲ ಅಂತಾರೆ. ಗೊತ್ತಿದ್ದವರಿಗೆ ಆಗುತ್ತೆ."

ಮಾರ್ಲಿಸ್ ಕಿಟಕಿಯಾಚೆಗಿನ ಕೆಂಪು ಬೋರ್ಡು ನೋಡಿದಳು. ಟಿವಿಯಲ್ಲಿ ಎಷ್ಟೋ ಸಲ ಕಂಡದ್ದು. "ಲೈಲ್, ಇದಲ್ಲ."

"ಏನು ಇದಲ್ಲ? ಮೈದಾನ ಅಲ್ವಾ ಇದು?"

"ಮೈದಾನಾನೇ. ನಮ್ಮ ಮೈದಾನ ಅಲ್ಲ."

ಅವನು ಒಪ್ಪಲಿಲ್ಲ. ಇಳಿದು ಹೋಗಿ ಗೇಟು ಅಲ್ಲಾಡಿಸಿದ. ಬೀಗ. ಪಕ್ಕದ ಮದ್ಯದಂಗಡಿಯ ಮುಂದೆ ಪೈಪು ಹಿಡಿದು ಕಾಲುದಾರಿ ತೊಳೆಯುತ್ತಿದ್ದ ಮನುಷ್ಯ ನೀರು ನಿಲ್ಲಿಸದೆ ಕೇಳಿದ, "ಏನ್ ಹುಡುಕ್ತಾ ಇದೀರಿ ಯಜಮಾನ್ರೇ?"

"ಇವತ್ತಿನ ಆಟ."

"ಇವತ್ತು ಇಲ್ಲೇನಾಟ? ಇಲ್ಲಿಯವರು ಹೊರಗೆ ಹೋಗವ್ರೆ. ಆಟ ಇರೋದು ದಕ್ಷಿಣದ ಕಡೆ. ಊರಿನ ಆ ತುದಿ."

ಲೈಲ್ ಹಿಂದಿರುಗಿ ಬಂದು ಕಾರಿನ ಬಾಗಿಲ ಹತ್ತಿರ ನಿಂತ. ಮಾರ್ಲಿಸ್ ಮುಂದಿನ ಗಾಜಿನತ್ತಲೇ ನೋಡುತ್ತ ಕೂತಳು. ಅವಳು ಸುಮ್ಮನಾದರೆ ನಾನಂತೂ ಆ ಕೋಣೆಯಲ್ಲಿ ಕೂರುವುದಿಲ್ಲ.

ಪೈಪಿನ ಮನುಷ್ಯನೇ ಬುದ್ಧಿ ಹೇಳಿದ. ಈಗ ಕಾರಿನಲ್ಲಿ ಹೊರಟರೆ ಅಲ್ಲಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಆಟ ಮುಗಿದಿರುತ್ತದೆ, ಮೂಲೆಯಲ್ಲೇ ರೈಲು ನಿಲ್ದಾಣವಿದೆ, ಅದೇ ರೈಲು ನೇರವಾಗಿ ಆ ಮೈದಾನದ ಬಾಗಿಲಿಗೆ ಹೋಗುತ್ತದೆ, ಎಂದ. ಸರಿ, ಇಬ್ಬರೂ ಮೆಟ್ಟಿಲು ಹತ್ತಿದರು. ಟಿಕೆಟ್ ಯಂತ್ರ ಲೈಲ್‌ನ ಕಾರ್ಡನ್ನು ನುಂಗಿ ನುಂಗಿ ಉಗುಳಿತು. ಹಿಂದೆ ನಿಂತವರು ನಿಟ್ಟುಸಿರು ಬಿಟ್ಟರು. ಕೊನೆಗೆ ಒಬ್ಬಳು ದಾದಿಯ ಉಡುಪಿನವಳು ತನ್ನದೇ ಕಾರ್ಡು ಒತ್ತಿ ಇಬ್ಬರನ್ನೂ ಒಳಗೆ ತಳ್ಳಿದಳು.

ರೈಲಿನಲ್ಲಿ ಎದುರಿಗೆ ದಕ್ಷಿಣದ ತಂಡದ ಕಪ್ಪು ಅಂಗಿ ತೊಟ್ಟ ದಪ್ಪನೆಯ ಮನುಷ್ಯ ಕೂತಿದ್ದ. ಫೋನಿನಲ್ಲಿ ಆಟ ನೋಡುತ್ತಿದ್ದ.

"ಶುರುವಾಯ್ತಾ?" ಕೇಳಿದಳು ಮಾರ್ಲಿಸ್.

"ಎರಡನೇ ಇನಿಂಗ್ಸ್, ಇನ್ನೂ ಏಳು ಬಾಕಿ. ನಮ್ಮವರ ಮಾನ ಆಗ್ಲೇ ಹರಾಜಾಗ್ತಿದೆ."

"ಆ ಕಡೆಯವರು ಪೆಗೆರೊ ಅನ್ನೋನ್ನ ಇಳಿಸಿದ್ರಾ? ಎಡಗೈಯವ್ನು."

"ಅದ್ಯಾರು? ಹೆಸ್ರೇ ಕೇಳಿಲ್ಲ."

"ನನ್ನ ಮಗ."

ಆ ಮನುಷ್ಯ ಅವಳ ಬಿಳಿ ಮುಖ, ನೀಲಿ ಕಣ್ಣು, ಕೌದಿ ಚೀಲ ನೋಡಿದ. "ಸರಿ ತಾಯಿ. ಬಂದ್ರೆ ಹೇಳ್ತೀನಿ. ಆದ್ರೆ ನಿಮ್ಮ ಮಗ ಸೋಲ್ಲಿ ಅಂತಾನೇ ನನ್ನ ಪ್ರಾರ್ಥನೆ, ಬೇಜಾರು ಮಾಡ್ಕೋಬೇಡಿ."

ಸುರಂಗದೊಳಗೆ ಹೋಗಿ ರೈಲು ನಿಂತುಬಿಟ್ಟಿತು. ಮುಂದಿನ ರೈಲಿನಲ್ಲಿ ಯಾರಿಗೋ ಮೈ ಸರಿಯಿಲ್ಲವಂತೆ. ದೀಪ ಒಮ್ಮೆ ಹೋಗಿ ಬಂತು. ಫೋನಿಗೆ ಸಂಪರ್ಕವೂ ಇಲ್ಲ. ಎರಡನೇ ಇನಿಂಗ್ಸ್ ಎಲ್ಲಿಗೆ ಬಂತೋ, ಮೂರನೆಯದು ಮುಗಿಯಿತೋ, ಯಾರಿಗೂ ತಿಳಿಯದು. ಮಾರ್ಲಿಸ್ ಚೀಲದ ಹಿಡಿಯನ್ನು ಹಿಂಡುತ್ತ ಕೂತಿದ್ದಳು. ಲೈಲ್ ಮೆಲ್ಲಗೆ ಅಂದ, "ಮಾರ್ಲಿಸ್... ನಂಗೆ ಹೋಗ್ಬೇಕು."

"ಏನು?"

"ಶೌಚಕ್ಕೆ."

"ಲೈಲ್, ನಿನ್ನನ್ನ ಈ ಸುರಂಗದಲ್ಲೇ ಬಿಟ್ಟು ಹೋಗ್ತೀನಿ ನೋಡು. ನಿನ್ನ ಹೆಂಡ್ತಿ ಏನೂ ಅನ್ನಲ್ಲ."

ಅಂದಿರುತ್ತಿರಲಿಲ್ಲ, ನಿಜ.

ಅವರು ಮೈದಾನದ ಹೊರಗೆ ಇಳಿದಾಗ ಒಳಗಿನಿಂದ ಜನರ ಕೂಗು ಕೇಳುತ್ತಿತ್ತು. ಲೈಲ್ ಓಡಿದ, ಬಂದ. ಓನಿ ಟಿಕೆಟುಗಳನ್ನು ಕಿಟಕಿಯಲ್ಲಿ ಇಡಿಸಿದ್ದ. ಆ ಕಿಟಕಿ ಯಾವುದೆಂದು ಕೇಳಿದರೆ ಒಬ್ಬ ಎಡಕ್ಕೆ ತೋರಿಸಿದ, ಒಬ್ಬ ಬಲಕ್ಕೆ. ಇಡೀ ಮೈದಾನ ಸುತ್ತಿ ಕಿಟಕಿಗೆ ಬಂದರೆ, ಮಾರ್ಲಿಸ್ ಟೀಡೆಮನ್ ಹೆಸರಿನಲ್ಲಿ ಏನೂ ಇಲ್ಲ ಎಂದ ಒಳಗಿದ್ದ ಹುಡುಗ. ಮತ್ತೆ ನೋಡು ಅಂದಳು. ಇಲ್ಲ ಅಂದ. ಇನ್ನೊಂದು ಸಲ ನೋಡು ಅಂದಳು. ಕೊನೆಗೆ ಲಕೋಟೆ ಸಿಕ್ಕಿದ್ದು 'ಪೆಗೆರೊ, ತಾಯಿ' ಎಂಬ ಹೆಸರಿನಲ್ಲಿ.

"ನೀವು ಪೆಗೆರೊ ಅಲ್ವಲ್ಲ ಮೇಡಂ?" ಅಂದ ಹುಡುಗ.

"ತಾಯಿ ಹೌದಲ್ಲಪ್ಪ" ಅಂದಳು ಮಾರ್ಲಿಸ್. ಹುಡುಗ ಯಾರಿಗೋ ಫೋನು ಮಾಡಿ, ಕಾದು, ಕೊನೆಗೆ ಕೊಟ್ಟ.

ಗೇಟಿಗೆ ಬಂದರೆ ಚೀಲ. ಕಾವಲಿನ ಹೆಂಗಸು ಒಳ್ಳೆಯವಳೇ, ಆದರೆ ಅಲುಗಾಡುವವಳಲ್ಲ. "ಇಷ್ಟು ದೊಡ್ಡ ಚೀಲ ಒಳಗೆ ಬಿಡಲ್ಲ ಅಮ್ಮ. ಕಾರಲ್ಲಿಟ್ಟು ಬನ್ನಿ."

"ಕಾರು ಊರಿನ ಆ ತುದೀಲಿದೆ."

"ಅಲ್ಯಾಕೆ ನಿಲ್ಸಿದ್ರಿ?"

ಮಾರ್ಲಿಸ್ ತಿರುಗಿ ಲೈಲ್‌ನನ್ನು ನೋಡಿದಳು. ಲೈಲ್ ಟೋಪಿ ತೆಗೆದು ಬೆವರು ಒರೆಸಿಕೊಂಡ. "ಬಿಸಾಕಿ ಹೋಗಿ, ಇಲ್ಲಾಂದ್ರೆ ಒಬ್ರು ಹೊರಗಿರಿ" ಅಂದಳು ಕಾವಲಿನವಳು. ಮಾರ್ಲಿಸ್ ಚೀಲವನ್ನು ಕಸದ ಡಬ್ಬಿಯ ಕಡೆಗೆ ಎತ್ತಿದಳು. ಅದು ಅವಳ ತಾಯಿ ಹೊಲಿದ ಚೀಲ. ಲೈಲ್‌ನ ತಾಯಿಯೂ ಹೌದಲ್ಲ. ಅವನು ಅದನ್ನು ಅವಳ ಕೈಯಿಂದ ಕಿತ್ತುಕೊಂಡ.

"ನಾನಿಲ್ಲೇ ಕೂರ್ತೀನಿ. ನೀ ಹೋಗು."

"ನಿಂಗೂ ನೋಡ್ಬೇಕಿತ್ತಲ್ಲೋ."

"ಹೋಗೇ, ಹೋಗು. ಇನ್ನೂ ನಿಂತ್ಕೊಂಡಿದ್ದೀಯಲ್ಲ!"

ನನ್ನ ಗಂಡ ಆವತ್ತು ಮಾಡಿದ್ದರಲ್ಲಿ ಸರಿಯಾದದ್ದು ಅದೊಂದೇ, ಆದರೆ ಅದು ಸಣ್ಣದಲ್ಲ. ಓನಿಯ ಎಸೆತವನ್ನು ಹಿತ್ತಲಲ್ಲಿ ಹಿಡಿಯುತ್ತಿದ್ದವನು ಅವನೇ. ಅದರಲ್ಲಿ ಒಂದು ಬೆರಳನ್ನೂ ಮುರಿದುಕೊಂಡಿದ್ದ.

ಮಾರ್ಲಿಸ್ ತನ್ನ ಕುರ್ಚಿಗೆ ಹೋಗಿ ಕೂತಾಗ ಏಳನೆಯ ಇನಿಂಗ್ಸ್ ನಡೆದಿತ್ತು. ಆಟಗಾರರ ಮನೆಯವರ ಸಾಲು ಅದು. ಅಕ್ಕಪಕ್ಕ ನಯವಾದ ಕೂದಲಿನ ಎಳೆಯ ಹೆಂಡತಿಯರು. ಅವಳು ಎಲ್ಲಕ್ಕಿಂತ ಮೊದಲು ಕೇಳಿದ್ದು, "ಪೆಗೆರೊ ಎಸೆದಾಯ್ತಾ?"

"ಇಲ್ಲ ಆಂಟಿ, ಅಲ್ಲಿ ಕೂತಿದ್ದಾರೆ" ಎಂದು ಒಬ್ಬಳು ಮೈದಾನದ ದೂರದ ಅಂಚಿನ ಬೇಲಿಯತ್ತ ಬೆರಳು ಮಾಡಿದಳು. ಬದಲಿ ಎಸೆತಗಾರರು ಕಾದು ಕೂರುವ ಜಾಗ ಅದು. ಸಾಲಾಗಿ ಕೂತ ಬೂದು ಬಣ್ಣದ ಉಡುಪಿನವರಲ್ಲಿ ತುದಿಯವನು ಓನಿ. ಮೊಣಕಾಲು ಕುಣಿಸುತ್ತಿದ್ದ. ಊಟದ ಮೇಜಿನ ಕೆಳಗೆ ಹಾಗೆ ಕುಣಿಸಬೇಡವೆಂದು ಅವಳು ಎಷ್ಟು ಸಲ ಗದರಿಸಿದ್ದಳೋ.

ಎಂಟನೆಯ ಇನಿಂಗ್ಸಿನಲ್ಲಿ ಓನಿಯ ತಂಡ ಒಂದೇ ಓಟ ಮುಂದಿತ್ತು. ಎದುರಾಳಿಗಳಲ್ಲಿ ಇಬ್ಬರು ಓಟ ಪೂರೈಸಲು ಕಾದು ದಾರಿಯಲ್ಲಿ ನಿಂತಿದ್ದರು. ಮುಂದೆ ಬರುವವನು ಎಡಗೈ ದಾಂಡಿಗ. ಎಡಗೈ ಎಸೆತಗಾರನನ್ನು ಇಟ್ಟುಕೊಳ್ಳುವುದೇ ಇಂಥ ಹೊತ್ತಿಗೆ. ಬೇಲಿಯೊಳಗೆ ಓನಿ ಎದ್ದ. ಜಾಕೆಟ್ ಕಳಚಿ ಎಸೆಯತೊಡಗಿದ. ಒಂದು, ಇನ್ನೊಂದು, ಮತ್ತೊಂದು. ಅಷ್ಟು ದೂರದಿಂದಲೂ ಚೆಂಡು ಬಿಳಿ ಗೆರೆಯ ಹಾಗೆ ಹೋಗುವುದು ಕಾಣುತ್ತಿತ್ತು. ಓನಿಯ ತಂಡದ ತರಬೇತುದಾರ ಆಟಗಾರರು ಕೂರುವ ಗೂಡಿನಿಂದ ಹೊರಬಂದು ಮಧ್ಯಕ್ಕೆ ನಡೆದ. ಮಾರ್ಲಿಸ್ ಎದ್ದು ನಿಂತಳು. ಹಿಂದಿನವರು "ಕೂತ್ಕೊಳ್ಳಿ" ಅಂದರು. ಕೂರಲಿಲ್ಲ.

ತರಬೇತುದಾರ ಅಲ್ಲಿದ್ದ ಎಸೆತಗಾರನ ಹತ್ತಿರ ಏನೋ ಮಾತಾಡಿದ. ಅವನು ತಲೆಯಾಡಿಸಿದ. ತರಬೇತುದಾರ ಅವನ ಬೆನ್ನು ತಟ್ಟಿ, ಬಂದ ದಾರಿಯಲ್ಲೇ ವಾಪಸು ಹೋದ.

"ಅಯ್ಯೋ, ಕರೀರೋ ಅವನ್ನ!" ಎಂದು ಮಾರ್ಲಿಸ್ ಕೂಗಿದಳು. ಮುಂದಿನ ಎಸೆತವನ್ನು ದಾಂಡಿಗ ನೆಲಕ್ಕುರುಳುವಂತೆ ಹೊಡೆದ, ಆ ಒಂದೇ ಹೊಡೆತಕ್ಕೆ ಇಬ್ಬರು ಔಟಾಗಿ ಮೂರು ಔಟೂ ತುಂಬಿತು, ಇನಿಂಗ್ಸ್ ಮುಗಿಯಿತು. ಪಕ್ಕದ ಹೆಂಡತಿಯರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ತನ್ನ ಹುಡುಗನ ತಂಡ ಗೆಲ್ಲುತ್ತಿದೆ, ತನಗೆ ಮಾತ್ರ ಯಾರನ್ನಾದರೂ ಹೊಡೆಯಬೇಕೆನಿಸಿತು ಅಂದಳು ನನ್ನ ಹತ್ತಿರ. ದೂರದ ಬೇಲಿಯೊಳಗೆ ಓನಿ ಜಾಕೆಟ್ ಹಾಕಿಕೊಂಡು ಕೂತ. ಒಂಬತ್ತನೆಯದಕ್ಕೆ ಬೇರೆಯವನು ಬಂದ. ಆಟ ಮುಗಿಯಿತು.

ತಂಡ ಅಲ್ಲಿಂದ ನೇರವಾಗಿ ವಿಮಾನಕ್ಕೆ ಹೊರಟಿತ್ತು. ಬಸ್ಸಿನ ಹತ್ತಿರದ ತಂತಿ ಬೇಲಿಗೆ ಮಾರ್ಲಿಸ್ ಅಂಟಿಕೊಂಡು ನಿಂತಳು. ಕೂತು ಕೂತು ಕಾಲು ಹಿಡಿದಿದ್ದ ಲೈಲ್ ಕುಂಟುತ್ತ ಬಂದು ಪಕ್ಕದಲ್ಲಿ ನಿಂತ. ಓನಿ ಯಾರದೋ ಕೋಟು ಹಾಕಿಕೊಂಡು ಹೊರಬಂದ. ತೋಳು ಗಿಡ್ಡವಾಗಿತ್ತು. ಅವಳನ್ನು ಕಂಡದ್ದೇ ಓಡಿಬಂದು ಬೇಲಿಯ ತಂತಿಗೆ ಹಣೆಯೊತ್ತಿದ.

"ಬಂದ್ಯಾ ಅಮ್ಮಾ! ಎಲ್ಲಿದ್ದೆ? ಆರನೇ ಇನಿಂಗ್ಸ್‌ವರೆಗೂ ನಿನ್ನ ಕುರ್ಚಿ ಖಾಲಿ ಇತ್ತು."

"ನಿಮ್ಮ ಲೈಲ್ ಮಾಮನ್ನ ಕೇಳು. ನೀನೊಂದು ಚೆಂಡೂ ಎಸೀಲಿಲ್ಲವಲ್ಲೋ!"

"ಎಸೀತೀನಮ್ಮಾ. ನಾಳೆ ಎಸೀತೀನಿ."

ಬಸ್ಸಿನವನು ಕರೆದ. ಅಷ್ಟೇ. ಲೈಲ್ ಬೇಲಿಯ ಮೇಲಿನಿಂದ ಬನ್ನಿನ ಪೊಟ್ಟಣ ದಾಟಿಸಿದ. ಕಾವಲಿನವನು ಅದನ್ನೂ ತಡೆಯಲು ಬಂದಾಗ ಮಾರ್ಲಿಸ್ ಅವನನ್ನು ನೋಡಿದ ರೀತಿಗೆ ಅವನು ಬೇರೆ ಕಡೆ ತಿರುಗಿಕೊಂಡನಂತೆ.

ಆ ನಾಳೆ ಬರಲಿಲ್ಲ. ಮುಂದಿನ ಊರಿನಲ್ಲೂ ಓನಿ ಬೇಲಿಯೊಳಗೇ ಕೂತಿದ್ದ. ಮಾರ್ಲಿಸ್ ಬಟ್ಟೆ ಒಗೆಯುವ ಕೋಣೆಯಲ್ಲಿ ರೇಡಿಯೊ ಹಚ್ಚಿಟ್ಟುಕೊಂಡು ಕಾದಳು. ಯಾವ ಗಾಯಾಳುವಿನ ಬದಲಿಗೆ ಓನಿಯನ್ನು ಕರೆಸಿದ್ದರೋ ಅವನು ಗುರುವಾರ ಗುಣವಾಗಿ ಬಂದ, ಓನಿಯನ್ನು ಕೆಳಕ್ಕೆ ಕಳಿಸಿದರು. ಬೇಸಿಗೆ ಮುಗಿದಾಗ ತಂಡದಿಂದಲೇ ಬಿಟ್ಟರು. ದೊಡ್ಡ ಲೀಗಿನ ಉಡುಪು ತೊಟ್ಟು, ದೊಡ್ಡ ಲೀಗಿನಲ್ಲಿ ಒಂದೂ ಎಸೆತ ಎಸೆಯದೆ ಅವನು ಊರಿಗೆ ಹೋದ. ಈಗ ಅಲ್ಲಿ ಮಕ್ಕಳಿಗೆ ಎಸೆಯುವುದನ್ನು ಕಲಿಸುತ್ತಾನೆ.

ಆ ತರಬೇತುದಾರ ಟಿವಿಯಲ್ಲಿ ಕಂಡರೆ ಮಾರ್ಲಿಸ್ ಇವತ್ತಿಗೂ ಎದ್ದು ಹೋಗುತ್ತಾಳೆ. ಲೈಲ್ ಮೇಲಿನ ಸಿಟ್ಟು ಮಾತ್ರ ಒಂದು ವಾರದಲ್ಲಿ ಇಳಿಯಿತು.

ಆ ಕ್ರಿಸ್‌ಮಸ್‌ಗೆ ಓನಿ ಫೋನು ಮಾಡಿದಾಗ ನಾವೆಲ್ಲ ಅವಳ ಮನೆಯಲ್ಲೇ ಊಟಕ್ಕೆ ಸೇರಿದ್ದೆವು. ಮಾರ್ಲಿಸ್ ಫೋನಿನ ಧ್ವನಿ ಜೋರು ಮಾಡಿಟ್ಟಳು. ಹೆಂಡತಿ, ಮಗು, ಅಮ್ಮ ಎಲ್ಲರ ಸಮಾಚಾರ ಆದ ಮೇಲೆ ಅವಳು ಕೇಳಿಯೇಬಿಟ್ಟಳು.

"ಆ ದಿನ ನಿನ್ನನ್ನ ಇಳಿಸಿದ್ರೆ ಏನಾಗ್ತಿತ್ತೋ?"

ಆ ಕಡೆ ಒಂದು ಕೋಳಿ ಕೂಗಿತು.

"ಆವತ್ತು ತೋಳು ಚೆನ್ನಾಗಿತ್ತಮ್ಮಾ. ಏನೂ ನೋವಿರಲಿಲ್ಲ. ಅಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ."

ಮಾರ್ಲಿಸ್ ಫೋನನ್ನು ಲೈಲ್‌ನ ಕೈಗೆ ತುರುಕಿ, ಕೋಟು ಹಾಕಿಕೊಂಡು ಹೊರಗೆ ಹೋದಳು. ಕಿಟಕಿಯಿಂದ ನೋಡಿದರೆ ನಮ್ಮ ಕಾರಿನ ಗಾಜಿನ ಮೇಲಿನ ಮಂಜುಗಡ್ಡೆಯನ್ನು ಕೆರೆಯುತ್ತಿದ್ದಳು. ನಾವು ಹೊರಡಲು ಇನ್ನೂ ಬಹಳ ಹೊತ್ತಿತ್ತು. ನಾನು ಕರೆಯಲು ಹೋಗಲಿಲ್ಲ.