ಬೋರಲು ಮಲಗಿಸುತ್ತಿದ್ದ ದಿಂಬಕ್ಕ

ನನ್ನ ನಾದಿನಿಯನ್ನು ಆಸ್ಪತ್ರೆಯಲ್ಲಿ ಎಲ್ಲರೂ ದಿಂಬಕ್ಕ ಎನ್ನುತ್ತಿದ್ದರು. ಅವಳು ಅಲ್ಲಿ ಆಯಾ. ಮದುವೆಯೇ ಬೇಡವೆಂದವಳು, ನನ್ನ ಯಜಮಾನರು ಹೋದ ಮೇಲೂ ನನ್ನ ಜೊತೆಯಲ್ಲೇ ಉಳಿದಳು. ಯಾರಾದರೂ ಒರಗಿ ಕುಳಿತರೆ ಬೆನ್ನಿಗೊಂದು ದಿಂಬು ತುರುಕದೆ ಅವಳಿಗೆ ಸಮಾಧಾನವಿಲ್ಲ.

ಆ ದೊಡ್ಡ ಸೋಂಕಿನ ಕಾಲದಲ್ಲಿ ನಾನೂ ಅವಳ ವಾರ್ಡಿಗೇ ಹೋಗಿ ಬಿದ್ದೆ. ಬಾಗಿಲ ಮೇಲೆ ತೀವ್ರ ನಿಗಾ ಘಟಕ ಎಂದು ಬರೆದಿತ್ತಂತೆ. ನಾನು ಅಕ್ಷರ ಕೂಡಿಸಿ ಓದುವವಳು, ಅಷ್ಟು ಉಸಿರೂ ಇರಲಿಲ್ಲ. ಉಸಿರಾಡಿಸುವ ಯಂತ್ರ ಎರಡೇ, ಎರಡಕ್ಕೂ ಜನರಿದ್ದರು. ಉಳಿದವರಿಗೆ ಮೂಗಿಗೆ ಆಕ್ಸಿಜನ್ ಕೊಳವೆ. ಗೋಡೆಯ ಬಾಟಲಿಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ಅದನ್ನು ಕೇಳುತ್ತಾ ನಾನೊಂದು ಕೆರೆಯ ತಳದಲ್ಲಿ ಮಲಗಿದ್ದೇನೆ, ಬಿಸಿಲು ಎಲ್ಲೋ ಮೇಲೆ ತೇಲುತ್ತಿದೆ ಅನ್ನಿಸುತ್ತಿತ್ತು. ನರ್ಸುಗಳು ಮೀನಿನ ಹಾಗೆ ಹಾದುಹೋಗುತ್ತಿದ್ದರು.

ಅಲ್ಲಿ ಡಾಕ್ಟರಮ್ಮ ಒಂದು ಸಂಶೋಧನೆ ನಡೆಸುತ್ತಿದ್ದರು. ಎಚ್ಚರವಿರುವ ರೋಗಿ ಬೋರಲು ಮಲಗಿದರೆ ಉಸಿರು ಸುಧಾರಿಸುತ್ತದೆಯೇ ಎಂದು ಅವರಿಗೆ ತಿಳಿಯಬೇಕಿತ್ತು. ಒಪ್ಪಿದವರ ಹೆಸರಿಗೆ ಚೀಟಿ ಎತ್ತುತ್ತಿದ್ದರು. ಅರ್ಧ ಜನರನ್ನು ಎದೆಯ ಕೆಳಗೆ ದಿಂಬು ಕೊಟ್ಟು ಬೋರಲು ಮಲಗಿಸುವುದು, ಇನ್ನರ್ಧ ಜನರನ್ನು ಅವರ ಪಾಡಿಗೆ ಬಿಡುವುದು. ನಾನೂ ಒಪ್ಪಿದೆ. ನನಗೆ ಬಂದದ್ದು ಪಾಡಿಗೆ ಬಿಡುವ ಚೀಟಿ.

ಡಾಕ್ಟರಮ್ಮ ಆಚೆ ಹೋದದ್ದೇ ತಡ, ದಿಂಬಕ್ಕ ನನ್ನ ಭುಜದ ಕೆಳಗೆ ಕೈ ತೂರಿಸಿದಳು.

“ತಿರುಗು ಅತ್ತಿಗೆ.”

“ನಂದು ಆ ಚೀಟಿ ಅಲ್ವಲ್ಲೇ.”

“ಚೀಟಿಗೇನು ಗೊತ್ತು ನಿನ್ನ ಸಂಕಟ? ಪಕ್ಕದೋರಿಗೆ ಬಡಿಸಿ ನಿನ್ನ ತಟ್ಟೆ ಖಾಲಿ ಬಿಡೋಕಾಗುತ್ತಾ?”

ಅವಳು ಆ ವಾರ್ಡಿನಲ್ಲಿ ಯಾರ ತಟ್ಟೆಯನ್ನೂ ಖಾಲಿ ಬಿಟ್ಟಿರಲಿಲ್ಲ. ಡಾಕ್ಟರಮ್ಮ ಬರುವ ಹೊತ್ತಿಗೆ ಎಲ್ಲರನ್ನೂ ಮೊದಲಿನಂತೆ ಮಲಗಿಸಿಬಿಡುತ್ತಿದ್ದಳು. ಅವತ್ತು ಅವರು ಬೇಗ ಬಂದರು. ನಾನು ಬೋರಲು ಬಿದ್ದಿದ್ದೆ.

“ದಿಂಬಕ್ಕಾ, ಇವರನ್ನ ಯಾಕೆ ತಿರುಗಿಸಿದ್ರಿ?”

“ನಮ್ಮತ್ತಿಗೆ, ಅದಕ್ಕೆ” ಎಂದಳು. ಆಮೇಲೆ, ಸುಳ್ಳು ಅವಳಿಗೆ ಒಗ್ಗದ್ದರಿಂದ, “ಇವಳೊಬ್ಬಳನ್ನೇ ಅಲ್ಲ, ಎಲ್ಲರನ್ನೂ” ಎಂದಳು.

ಡಾಕ್ಟರಮ್ಮ ಸ್ಟೂಲಿನ ಮೇಲೆ ಕುಸಿದು ಕುಳಿತರು. ಬಯ್ಯಲಿಲ್ಲ. “ನೋಡಿ, ದಿಂಬಿನಿಂದಲೇ ಉಸಿರು ಕೂಡುತ್ತೆ ಅಂತ ಗೊತ್ತಾದ್ರೆ ಯಂತ್ರ ಇಲ್ಲದ ಊರಲ್ಲೂ ಜನ ಉಳೀತಾರೆ. ಕೂಡಲ್ಲ ಅಂತಾದ್ರೆ, ಉಬ್ಬಸ ಪಡೋರನ್ನ ಬೋರಲು ಹಾಕಿ ಸುಮ್ಮನೆ ಹಿಂಸೆ ಕೊಟ್ಟ ಹಾಗೆ. ಎಲ್ಲರನ್ನೂ ತಿರುಗಿಸಿದ್ರೆ ಯಾವುದು ನಿಜ ಅಂತ ಹೇಗೆ ತಿಳಿಯೋದು?”

“ಹಂಗಾದ್ರೆ ಇವಳನ್ನ ಹಿಂಗೇ ಬಿಡಬೇಕಾ?”

“ಉಸಿರು ಕೆಟ್ರೆ ನಾನೇ ಹೇಳ್ತೀನಿ, ಆಗ ತಿರುಗಿಸಿ. ಅಲ್ಲೀತನಕ ಕೈ ಕಟ್ಟಿಕೊಳ್ಳಿ. ನಡೆದದ್ದನ್ನ ನಡೆದ ಹಾಗೇ ಬರೆದುಕೊಳ್ತೀನಿ.”

ಮಾರನೆಯ ಮಧ್ಯಾಹ್ನ ನನ್ನ ಎದೆಯ ಮೇಲೆ ಯಾರೋ ಒದ್ದೆ ಗೋಣಿಚೀಲ ಹೇರಿದಂತಾಯಿತು. ಕೆರೆ ಆಳವಾಗುತ್ತಾ ಹೋಯಿತು. ದಿಂಬಕ್ಕ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದಳು. ತಿರುಗಿಸೇ ಎಂದು ಕಣ್ಣಲ್ಲೇ ಬೇಡಿದೆ. ಅವಳು ಡಾಕ್ಟರಮ್ಮನನ್ನು ಕೂಗಿದಳು. ಅವರು ಆಕ್ಸಿಜನ್ ಅಳೆಯಲು ನನ್ನ ಬೆರಳಿಗೆ ಹಾಕಿದ್ದ ಕ್ಲಿಪ್ಪನ್ನು ನೋಡಿ, ಎದೆಗೆ ಸ್ಟೆತಸ್ಕೋಪ್ ಇಟ್ಟು ಆಲಿಸಿ, “ಆಕ್ಸಿಜನ್ ಸ್ವಲ್ಪ ಜಾಸ್ತಿ ಮಾಡೋಣ. ತಿರುಗಿಸೋದು ಬೇಡ, ಇನ್ನೂ ತಡೀತಾರೆ” ಎಂದರು.

ದಿಂಬಕ್ಕ ನನ್ನ ಕಾಲ ಬಳಿ ಕುಳಿತಳು. ಒದ್ದೆ ಬಟ್ಟೆಯಿಂದ ಪಾದ ಒರೆಸಿದಳು, ಮತ್ತೆ ಒರೆಸಿದಳು. ನೀರಿನ ಮೇಲೆ ಬಹಳ ದೂರದಲ್ಲಿ ಅವಳ ಮುಖ ಅಲೆಯಾಡುತ್ತಿತ್ತು. ಇವಳು ಇಷ್ಟು ಸುಮ್ಮನಿದ್ದುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ ಎಂದುಕೊಂಡೆ. ಹಾಗೆಯೇ ತೇಲಿಹೋದೆ.

ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಎಳೆ ಬಿಸಿಲು. ಎದೆ ಹಗುರಾಗಿತ್ತು. ಅಂಗಾತವೇ ಇದ್ದೆ.

“ಬದುಕಿದ್ದೂ ಬದುಕಿದೆ, ಅದೂ ಅಂಗಾತ” ಎಂದಳು ದಿಂಬಕ್ಕ. “ಡಾಕ್ಟರಮ್ಮನ ಮುಂದೆ ನನ್ನ ಮಾನ ಕಳೆದುಬಿಟ್ಟೆ ನೀನು.”

ಹಾಗೆಂದವಳು ಮುಖ ಆಚೆ ತಿರುಗಿಸಿಕೊಂಡು, ಕಣ್ಣನ್ನು ಭುಜಕ್ಕೆ ಒತ್ತಿಕೊಂಡಳು.