ಪಟ್ಟಿಯ ತುದಿಯ ಭ್ರೂಣಗಳು

ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಹಸುಗಳಿಗೆ ಇಂಜೆಕ್ಷನ್ ಕೊಟ್ಟು ಗಬ್ಬ ಮಾಡಿಸುವವರಿಗೆ ವೀರ್ಯದ ಕಡ್ಡಿ, ಕೈಗವಸು ಮಾರುತ್ತ ವ್ಯಾಪಾರ ಕಲಿತವನು ನಾನು. ಈಗ ಮದ್ದೂರಿನಲ್ಲಿ ಸ್ವಂತ ಅಂಗಡಿಯಿದೆ. ಗೆಜ್ಜಲಗೆರೆಯ ಇಲಿ ಲ್ಯಾಬಿಗೂ ಸಾಮಾನು, ದ್ರವ ಸಾರಜನಕ ಪೂರೈಸುತ್ತಿದ್ದೆ. ಆ ಲ್ಯಾಬನ್ನು ನೋಡಿಕೊಳ್ಳುತ್ತಿದ್ದವಳು ನಮ್ಮೂರಿನ ಮೆಕ್ಯಾನಿಕ್ ಸಾಹೇಬರ ಮಗಳು. ವರ್ಷಗಟ್ಟಲೆ ಕೂತು ಒಂದು ಇಲಿ ತಳಿಯನ್ನು ತಾನೇ ಕಟ್ಟಿದ್ದಳು.

ಅದರ ಭ್ರೂಣಗಳನ್ನು ಹೆಪ್ಪುಗಟ್ಟಿಸಿಡಲು ಎರಡು ಬಗೆಯ ಸಾಧನ ತಂದುಕೊಟ್ಟಿದ್ದೆ. ಒಂದು, ಹಸುವಿನ ವೀರ್ಯ ತುಂಬುವಂಥದೇ ಪ್ಲಾಸ್ಟಿಕ್ ಕಡ್ಡಿ. ಇನ್ನೊಂದು ಉಗುರಿಗಿಂತ ತೆಳುವಾದ ಪಟ್ಟಿ. ಅದರ ತುದಿಯಲ್ಲೊಂದು ಕಂಡೂ ಕಾಣದ ಹನಿ, ಹನಿಯೊಳಗೆ ಭ್ರೂಣ. ಎರಡನ್ನೂ ತಾನೇ ಕರಗಿಸಿ ಹೋಲಿಸಿದಳು. ಕಡ್ಡಿಯವು ಅರ್ಧಕ್ಕರ್ಧ ಸತ್ತವು, ಪಟ್ಟಿಯವು ಹೆಚ್ಚುಕಡಿಮೆ ಎಲ್ಲ ಬದುಕಿದವು.

"ಇನ್ಮೇಲೆ ಪಟ್ಟಿನೇ ಕೊಡಿ ಅಣ್ಣ. ರೇಟು ಮಾತ್ರ ನೋಡಿ ಹಾಕಿ" ಎಂದಳು. ಚೌಕಾಸಿಯಲ್ಲಿ ನನ್ನನ್ನೂ ಮೀರಿಸುವವಳು.

ಅಷ್ಟರಲ್ಲಿ ಬೋನುಗಳಿಗೆ ಸೋಂಕು ಹೊಕ್ಕಿತು. ಆ ತಳಿಯ ಇಲಿಗಳನ್ನೆಲ್ಲ ಅವಳೇ ಕೊಂದು ಸುಡಿಸಬೇಕಾಯಿತು. ಉಳಿದದ್ದು ಸಾರಜನಕದ ಕ್ಯಾನಿನಲ್ಲಿದ್ದ ಭ್ರೂಣಗಳು: ಬಹುಪಾಲು ಪಟ್ಟಿಗಳ ಮೇಲೆ, ಒಂದಿಷ್ಟು ಹಳೆಯ ಕಡ್ಡಿಗಳಲ್ಲಿ. ಒಂದು ಗಂಡು, ಒಂದು ಹೆಣ್ಣು ಹುಟ್ಟಿದರೆ ತಳಿ ಉಳಿಯುತ್ತದೆ. ಇಲ್ಲದಿದ್ದರೆ ಮುಗಿಯಿತು.

ಕರಗಿಸುವ ದಿನ ನಾನೂ ಅಲ್ಲಿದ್ದೆ. ಸೂಕ್ಷ್ಮದರ್ಶಕದಲ್ಲಿ ಮೊದಲ ಪಟ್ಟಿಯವು ಸುಟ್ಟ ಎಳ್ಳಿನಂತೆ ಕಪ್ಪಾಗಿ ಮುದುಡಿದ್ದವು. ಎರಡನೆಯದೂ ಹಾಗೇ. ಮುಂದಿನದೂ ಹಾಗೇ. ಅವಳು ಕ್ಯಾನು ಕಾಯುವವನನ್ನು ಕರೆದಳು. ಬಂಡೂರಿನವನು, ಹಸುಗಳ ಕೆಲಸದಲ್ಲೇ ತಲೆ ನರೆತವನು.

"ಇವನ್ನ ಹೊರಗೆ ತೆಗೆದಿದ್ರಾ ಯಜಮಾನ್ರೇ?"

"ಅಯ್ಯೋ, ಒರಗೆ ಯಾಕ್ ತಗೀಲಮ್ಮ? ಎಲ್ಲಾ ಅವಾ ಅಂತ ದಿನಾ ಕ್ಯಾನ್ ಬಾಯ್ಗಂಟ ಎತ್ತಿ ನೋಡ್ತಿದ್ದೆ, ಅಷ್ಟೆಯ." ಕಡ್ಡಿ, ಪಟ್ಟಿಗಳನ್ನು ಇಟ್ಟು ಒಳಗೆ ಇಳಿಬಿಡುವ ಬುಟ್ಟಿಗಳಲ್ಲಿ ಖಾಲಿಯೊಂದನ್ನು ಕ್ಯಾನಿನ ಬಾಯಿಗೆ ಎತ್ತಿ, ಸಾರಜನಕದ ಹೊಗೆಯನ್ನು ಊದಿ ತೋರಿಸಿದ. "ಇಂಗೆ. ಒಂದ್ಕಿತ ಉಫ್ ಅಂದ್ರೆ ಕಡ್ಡಿ, ಪಟ್ಟಿ ಬಣ್ಣ ಕಾಣ್ತದೆ."

ನಮ್ಮ ಕಡೆ ಕ್ಯಾನು ಹಿಡಿದವರೆಲ್ಲ ಊದುವುದು ಹೀಗೆಯೇ. ತುಂಬಿದ ಕಡ್ಡಿ ಆ ಗಳಿಗೆಯನ್ನು ತಾಳಿಕೊಳ್ಳುತ್ತದೆ. ಪಟ್ಟಿಯ ಹನಿ ತಾಳುವುದಿಲ್ಲ. ತುಸು ಬಿಸಿಯಾದರೂ ಒಳಗೆ ಹಿಮದ ಮುಳ್ಳು ಎದ್ದು ಭ್ರೂಣವನ್ನು ಸೀಳುತ್ತದೆ.

ಅವನು ನನ್ನತ್ತ ತಿರುಗಿದ. "ನೀನ್ಯಾಕ್ಲಾ ಪೆಚ್ಚಾಗಿ ನಿಂತಿದೀಯ? ನಿನ್ ಮಾಲೇ ಚೊಳ್ಳು ಅನ್ನು!"

"ಮಾಲಲ್ಲ ಕಣಣ್ಣ, ನಿನ್ನ ಉಸ್ರು."

ಸಾಮಾನು ಕೊಳ್ಳುವವರಿಗೆ ನಾನು ಹೇಳುವುದಿಷ್ಟೇ: ನನ್ನಂಥ ಮಾರುವವನ ಮಾತು ಹಾಗಿರಲಿ, ನಿಮ್ಮ ಜಾಣ ಕೈಯಲ್ಲಿ ಬಂದ ಫಲಿತಾಂಶವನ್ನೂ ನಂಬಬೇಡಿ. ದಿನವೂ ಅದನ್ನು ಮುಟ್ಟುವವನ ಕೈಗೆ ಕೊಟ್ಟು ಹೋಲಿಸಿ.

ಪಟ್ಟಿಯವು ಒಂದೂ ಉಳಿದಿರಲಿಲ್ಲ. ಹಳೆಯ ಕಡ್ಡಿಗಳನ್ನೆಲ್ಲ ಕರಗಿಸಿದಳು. ತಿಳಿಯಾಗಿ ಉಳಿದ ಕೆಲವು ಭ್ರೂಣಗಳನ್ನು ಬೇರೆ ತಳಿಯ ಇಲಿಯ ಹೊಟ್ಟೆಗೆ ಸೇರಿಸಿದಳು. ಹುಟ್ಟಿದ್ದು ಎರಡು ಮರಿ. ಬೆರಳ ಮೇಲೆ ಮಗುಚಿ, ಬಾಲದ ಬುಡವನ್ನು ಬಹಳ ಹೊತ್ತು ನೋಡಿದಳು.

"ಎರಡೂ ಹೆಣ್ಣು" ಎಂದಳು.

ಬಂಡೂರಿನವನ ಮುಖ ಅರಳಿತು. "ಒಳ್ಳೇದಾಯ್ತು ಬುಡಮ್ಮ! ಹಸ ಜೋಡಿ ಹೆಣ್ಗರ ಹಾಕ್ದಂಗೆ!"

ಅವಳು ಮರಿಗಳನ್ನು ತಾಯಿಯ ಬಳಿ ಬಿಟ್ಟು ಗವಸು ಕಳಚಿದಳು.

"ಸಾರಜನಕ ಇನ್ನು ಬೇಡ ಅಣ್ಣ. ಕ್ಯಾನು ತಗೊಂಡು ಹೋಗಿ."